ನಕ್ಷತ್ರಮೀನಿಗೆ ಮುಂದೆ ಯಾವುದು, ಹಿಂದೆ ಯಾವುದು? ಮಕ್ಕಳಿಗೆ ಹೇಗೆ ಹೇಳಲಿ?

ಗದಗಿನ ಮೇಷ್ಟ್ರು

ಆರನೇ ಕ್ಲಾಸಿನ ಮಕ್ಕಳನ್ನು ಕಾರವಾರಕ್ಕೆ ಕರೆದುಕೊಂಡು ಹೋಗಿದ್ದೆವು. ಬಹಳ ಮಕ್ಕಳು ಸಮುದ್ರ ನೋಡಿದ್ದು ಅದೇ ಮೊದಲು. ಟ್ಯಾಗೋರ್ ಬೀಚಿನಲ್ಲಿ ನೀರು ಇಳಿದಾಗ ಒದ್ದೆ ಮರಳಿನ ಮೇಲೆ ಒಂದು ನಕ್ಷತ್ರಮೀನು ಕಂಡಿತು. ಅಂಗೈ ಅಗಲ, ಮರಳಿನದೇ ಬಣ್ಣ, ತೋಳುಗಳ ಅಂಚಿಗೆಲ್ಲ ಸಾಲಾಗಿ ಮುಳ್ಳು. ನೋಡನೋಡುತ್ತಲೇ ಮರಳೊಳಗೆ ಇಳಿದುಬಿಟ್ಟಿತು. ಒಬ್ಬಳು ಕೇಳಿದಳು, "ಸರ್, ಇದಕ್ಕೆ ಮುಂದೆ ಯಾವುದು, ಹಿಂದೆ ಯಾವುದು?"

ಮೆದುಳಿಲ್ಲ, ರಕ್ತ ಇಲ್ಲ ಅಂತ ಹೇಳಿ ಮುಗಿಸೋಕೆ ನನಗೆ ಮನಸ್ಸಿಲ್ಲ. ಸುಮ್ನೆ ಇಲ್ಲದ್ದನ್ನೇ ಹೇಳುತ್ತಾ ಹೋದರೆ ಮಕ್ಕಳ ಕೈಗೆ ಏನು ಸಿಕ್ಕ ಹಾಗಾಯಿತು? ಮೆದುಳಿಲ್ಲದೆ ಅದು ದಾರಿ ಹಿಡಿಯೋದು ಹೇಗೆ, ತಿನ್ನೋದು ಹೇಗೆ? ಗೊತ್ತಿದ್ದವರು ಹೇಳಿ.

ಕೋಡಿಬಾಗದಲ್ಲಿ ಓದಿದವಳು

ನಾನು ಧಾರವಾಡದವಳು. ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇರೋದು ಕಾರವಾರದ ಕೋಡಿಬಾಗದಲ್ಲಿ, ಅಲ್ಲೇ ಓದಿದೆ. ಆ ಹುಡುಗಿಯ ಪ್ರಶ್ನೆ ತುಂಬಾ ಒಳ್ಳೆಯದು, ಅಲ್ಲಿಂದಲೇ ಶುರು ಮಾಡಿ.

ಅದಕ್ಕೆ ಮುಂದೆ ಹಿಂದೆ ಅಂತ ಇಲ್ಲ. ಯಾವ ತೋಳಿಗೆ ಊಟದ ವಾಸನೆ ಸಿಗುತ್ತದೋ ಆ ತೋಳು ಮುಂದಾಗುತ್ತದೆ, ಉಳಿದವು ಹಿಂಬಾಲಿಸುತ್ತವೆ. ದಿಕ್ಕು ಬದಲಿಸಬೇಕಾದರೆ ಮೈ ತಿರುಗಿಸೋದೇ ಬೇಡ, ಬೇರೆ ತೋಳು ಮುಂದಾಳು ಆಗುತ್ತದೆ ಅಷ್ಟೇ. ಬಾಯಿ ಕೆಳಗಡೆ ನಡುವೆ ಇದೆ, ಅದರ ಸುತ್ತ ನರದ ಒಂದು ಉಂಗುರ, ಅಲ್ಲಿಂದ ತೋಳಿಗೊಂದು ನರ. ಒಬ್ಬ ಯಜಮಾನ ಕೂತು ಅಪ್ಪಣೆ ಕೊಡೋದಿಲ್ಲ.

ನಡೆಯೋದು ನೂರಾರು ಪುಟ್ಟ ಕೊಳವೆ ಕಾಲುಗಳಿಂದ. ಶಾಯಿ ಫಿಲ್ಲರಿನ ರಬ್ಬರ್ ತಲೆ ಇರುತ್ತದಲ್ಲ, ಪ್ರತಿ ಕಾಲಿನ ಮೇಲೆ ಮೈಯೊಳಗೆ ಅಂಥದ್ದೊಂದು ಪುಟ್ಟ ಚೀಲ. ಅದು ಹಿಂಡಿದರೆ ನೀರು ಕಾಲಿಗೆ ನುಗ್ಗಿ ಕಾಲು ಉದ್ದವಾಗುತ್ತದೆ. ಬಂಡೆ ಮೇಲೆ ಇರುವ ಜಾತಿಗಳ ಕಾಲ ತುದಿಯಲ್ಲಿ ಅಂಟು ಸುರಿಯುತ್ತದೆ, ಬಿಡಬೇಕಾದಾಗ ಅಂಟು ಬಿಡಿಸುವ ಇನ್ನೊಂದು ರಸ. ನೀವು ಹೇಳಿದ ಗುರುತು ನೋಡಿದರೆ ಅದು ಮರಳಿನಲ್ಲಿ ಬದುಕುವ ಆಸ್ಟ್ರೋಪೆಕ್ಟನ್ ಗುಂಪಿನದೇ ಇರಬೇಕು. ಅದರ ಕಾಲುಗಳ ತುದಿ ಚೂಪು. ಅಂಟಿಕೊಳ್ಳೋಕಿಂತ ಅಗೆಯೋಕೆ ಸರಿ. ಅದಕ್ಕೇ ಅಷ್ಟು ಬೇಗ ಮಾಯವಾಯಿತು.

ಊಟದಲ್ಲೂ ಎರಡು ರೀತಿ. ಆಸ್ಟ್ರೋಪೆಕ್ಟನ್ ಸಣ್ಣ ಶಂಖ, ಕಪ್ಪೆಚಿಪ್ಪುಗಳನ್ನು ಇಡಿಯಾಗಿ ನುಂಗಿ ಚಿಪ್ಪನ್ನು ಬಾಯಿಂದಲೇ ಹೊರಗೆ ಹಾಕುತ್ತದೆ, ಅದಕ್ಕೆ ಗುದದ್ವಾರವೇ ಇಲ್ಲ. ಬೇರೆ ಎಷ್ಟೋ ಜಾತಿಗಳು ಕಪ್ಪೆಚಿಪ್ಪನ್ನು ತಬ್ಬಿ ಹಿಡಿದು ಎಳೆಯುತ್ತವೆ. ಒಂದು ಮಿಲಿಮೀಟರ್‌ಗಿಂತ ಸಣ್ಣ ಸಂದು ಸಿಕ್ಕರೂ ಸಾಕು, ತಮ್ಮ ಹೊಟ್ಟೆಯನ್ನೇ ಬಾಯಿಂದ ಹೊರಗೆ ತೆಗೆದು ಒಳಗೆ ತೂರಿಸಿ ಅಲ್ಲೇ ಅರಗಿಸಿಕೊಳ್ಳುತ್ತವೆ! ಇದನ್ನು ಕೇಳಿದ ಯಾವ ಮಗುವೂ ಮರೆಯೋದಿಲ್ಲ.

ಉಣಕಲ್ ಅಮ್ಮ

ನನ್ನ ಮಗ ಪಕ್ಕದಲ್ಲೇ ಕೂತು ಓದಿಸಿಕೊಳ್ಳುತ್ತಿದ್ದಾನೆ. ಅವನದು ಎರಡು ಪ್ರಶ್ನೆ. ಕಣ್ಣು ಇದೆಯಾ? ನಮ್ಮ ಉಣಕಲ್ ಕೆರೆಯಲ್ಲಿ ಬಿಟ್ಟರೆ ಬದುಕುತ್ತಾ?

ಕೋಡಿಬಾಗದಲ್ಲಿ ಓದಿದವಳು

ಕೆರೆಯಲ್ಲಿ ಖಂಡಿತ ಬದುಕೋದಿಲ್ಲ. ಅದರ ಮೈಯೊಳಗಿನ ದ್ರವ ಹೆಚ್ಚುಕಡಿಮೆ ಸಮುದ್ರದ ನೀರಿನಷ್ಟೇ ಉಪ್ಪು. ಸಿಹಿನೀರು ಒಳಗೆ ನುಗ್ಗಿದರೆ ತಡೆಯೋಕೆ ಅದಕ್ಕೆ ದಾರಿಯಿಲ್ಲ. ದಯವಿಟ್ಟು ಯಾರೂ ಬಾಟಲಿಯಲ್ಲಿ ಹಾಕಿಕೊಂಡು ಅರಬೈಲ್ ಘಟ್ಟ ಹತ್ತಿಸಬೇಡಿ. ಒಣಗಿಸಿ ಶೋಕೇಸಿನಲ್ಲಿ ಇಡೋದೂ ಬೇಡ. ನೋಡಲೇಬೇಕು ಅಂದರೆ ನೀರೊಳಗೇ ಒಂದು ಗಳಿಗೆ ಮಗುಚಿ, ಕಾಲುಗಳು ಆಡೋದನ್ನು ನೋಡಿ, ಅದು ತಾನೇ ತೋಳು ಬಗ್ಗಿಸಿ ನೆಲ ಹಿಡಿದು ಮತ್ತೆ ಹೊರಳಿಕೊಳ್ಳುತ್ತದೆ.

ಕಣ್ಣು ಇದೆ, ಪ್ರತಿ ತೋಳಿನ ತುದಿಯಲ್ಲಿ ಒಂದೊಂದು, ಕೆಂಪು ಚುಕ್ಕೆಯ ಹಾಗೆ. ಅಂಡಮಾನಿನಲ್ಲೂ ಸಿಗುವ ನೀಲಿ ನಕ್ಷತ್ರಮೀನಿನ ಮೇಲೆ ಮಾಡಿದ ಅಧ್ಯಯನ 2014ರಲ್ಲಿ ಬಂತು. ಹವಳದ ದಿಬ್ಬದಿಂದ ಸ್ವಲ್ಪ ದೂರ ಬಿಟ್ಟರೆ ಕಣ್ಣಿದ್ದವು ನೆಟ್ಟಗೆ ವಾಪಸ್ ಬಂದವು, ಕಣ್ಣು ತೆಗೆದವು ಎಲ್ಲೆಲ್ಲೋ ಅಲೆದವು. ಬಣ್ಣ, ಸಣ್ಣ ವಿವರ ಕಾಣೋದಿಲ್ಲ, ದೊಡ್ಡ ಆಕಾರ ಕಾಣುತ್ತದೆ.

ಹಾವೇರಿ ಹುಡುಗ

ಒಂದು ಸೇರಿಸುತ್ತೇನೆ. ತಲೆಯೇ ಇಲ್ಲ ಅಂತ ನಾವೆಲ್ಲ ಓದಿದ್ದು, ಅಲ್ವಾ? 2023ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಉಲ್ಟಾ ಹೇಳುತ್ತದೆ. ಬೇರೆ ಪ್ರಾಣಿಗಳಲ್ಲಿ ತಲೆಯ ಭಾಗವನ್ನು ರೂಪಿಸುವ ಜೀನ್‌ಗಳು ನಕ್ಷತ್ರಮೀನಿನ ಚರ್ಮದಲ್ಲಿ ಎಲ್ಲ ಕಡೆ ಕೆಲಸ ಮಾಡುತ್ತಿವೆ, ಮುಂಡಕ್ಕೆ ಸೇರಿದವು ಹೊರಮೈಯಲ್ಲಿ ಕಾಣಲೇ ಇಲ್ಲ. ಅಂದರೆ ಹೆಚ್ಚುಕಡಿಮೆ ಇಡೀ ಪ್ರಾಣಿಯೇ ತಲೆ. ಆ ಹುಡುಗಿಗೆ ಇದನ್ನೂ ಹೇಳಿ ಸರ್.

ಅಮೆರಿಕದ ರಾಬರ್ಟ್ ಪೇನ್ 1963ರಲ್ಲಿ ಶುರು ಮಾಡಿದ ಪ್ರಯೋಗ ಕೂಡ ಮಕ್ಕಳಿಗೆ ಹಿಡಿಸುತ್ತದೆ. ವಾಷಿಂಗ್ಟನ್ ಕರಾವಳಿಯ ಒಂದು ಬಂಡೆಯಿಂದ ನಕ್ಷತ್ರಮೀನುಗಳನ್ನಷ್ಟೇ ಕಿತ್ತು ದೂರ ಎಸೆಯುತ್ತಾ ಬಂದರು. ಅವು ತಿನ್ನುತ್ತಿದ್ದ ಮಸೆಲ್ ಚಿಪ್ಪುಜೀವಿಗಳು ಜಾಗವನ್ನೆಲ್ಲ ಆಕ್ರಮಿಸಿ, 15 ಜಾತಿಗಳಿದ್ದ ಕಡೆ ಕೊನೆಗೆ 8 ಉಳಿದವು.

ಗದಗಿನ ಮೇಷ್ಟ್ರು

ಎಲ್ಲರಿಗೂ ಧನ್ಯವಾದ. ಇದನ್ನು ನಾಳೆಯೇ ಓದಿ ಹೇಳುತ್ತೇನೆ. ಮುಂದಿನ ಸಲ ಇನ್ನೂ ಜಾಸ್ತಿ ನೋಡಬೇಕು ಅಂದರೆ ಯಾವಾಗ ಹೋಗೋದು ಒಳ್ಳೆಯದು?

ಕೋಡಿಬಾಗದಲ್ಲಿ ಓದಿದವಳು

ಹುಣ್ಣಿಮೆ ಅಥವಾ ಅಮಾವಾಸ್ಯೆಯ ಆಸುಪಾಸು. ಆಗ ಇಳಿತ ಜಾಸ್ತಿ, ನೀರು ದೂರ ಹಿಂದೆ ಹೋಗುತ್ತದೆ. ಆ ದಿನದ ಇಳಿತದ ಹೊತ್ತು ನೋಡಿಕೊಂಡು ಒಂದು ಗಂಟೆ ಮೊದಲೇ ದಂಡೆಯಲ್ಲಿರಿ. ಮಳೆಗಾಲದಲ್ಲಿ ಮಾತ್ರ ಬೇಡ, ಅಲೆ ಜೋರು.