ಕಾರಿನ ಗಾಜು ಲಟಲಟ ಅನ್ನೋದಕ್ಕೆ ಏನು ಪದ? (ನಾಳೆಗೆ ಬೇಕು)

ಒಂದು ಗ್ಯಾರೇಜಿನವರಿಗೆ ಗೋಡೆಗೆ ಅಂಟಿಸುವ ಹಾಳೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿಕೊಡುತ್ತಿದ್ದೇನೆ. ನಾಳೆ ಸಂಜೆ ಪ್ರಿಂಟಿಗೆ ಹೋಗುತ್ತದೆ. ಎರಡು ಕಡೆ ಸಿಕ್ಕಿಕೊಂಡಿದ್ದೇನೆ. ಹಳ್ಳದಿಣ್ಣೆಯಲ್ಲಿ ಬಾಗಿಲಿನ ಗಾಜು ಸದ್ದು ಮಾಡುತ್ತದಲ್ಲ, ರ‍್ಯಾಟಲ್, ಅದಕ್ಕೆ 'ಕಂಪನ' ಅಂತ ಬರೆದೆ, ಓದಿದರೆ ಭೂಕಂಪದ ಸುದ್ದಿ ಥರ ಇದೆ. ಇನ್ನೊಂದು ಗ್ಲಾಸ್ ರನ್ ಚಾನಲ್. ಗಾಜು ಏರಿಳಿಯಲು ಬಾಗಿಲಿನ ಚೌಕಟ್ಟಿನೊಳಗೆ ಕೂರಿಸಿರುವ ಯು ಆಕಾರದ ರಬ್ಬರ್ ಪಟ್ಟಿ, ಒಳಮೈ ಮಖಮಲ್ಲಿನ ಹಾಗಿರುತ್ತದೆ. ಚಿಕ್ಕ ಪದ ಇದ್ದರೆ ಹೇಳಿ.

ಮರು:
ಕಂಪನ ತಪ್ಪು. ನಡುಗುವುದು ಬೇರೆ, ಸಡಿಲವಾಗಿ ಬಡಿದುಕೊಳ್ಳುವುದು ಬೇರೆ. 'ಕುಲುಕಾಟ' ಅನ್ನಿ. ಚಾನಲ್ ಬೇಡ, 'ಗಾಜುದೋಣಿ' ಅನ್ನಿ. ಸೂರಿನ ಮಳೆನೀರು ಹರಿಯುವುದಕ್ಕೆ ಮಲೆನಾಡಲ್ಲಿ ದೋಣಿ ಅಂತಾರೆ, ಆಕಾರ ಅದೇ. ಹಾಗೇ 'ಕಿಟಕಿ' ಅಂತ ಇದ್ದರೆ ಅದನ್ನೂ ತೆಗೆಯಿರಿ, ಖಿಡಕಿಯಿಂದ ಬಂದದ್ದು. 'ಬೆಳಕಿಂಡಿ' ಇದೆಯಲ್ಲ. ಮನೆಯಲ್ಲೇ ಇರುವಾಗ ಸಾಲ ಯಾಕೆ?

ಮರು:
ಸಾರ್, ಬೆಳಕಿಂಡಿ ಅಂದರೆ ಮೆಕ್ಯಾನಿಕ್ ಸನ್‌ರೂಫ್ ನೋಡುತ್ತಾನೆ. ಕುಲುಕುವುದು ಔಷಧಿ ಬಾಟಲಿಯನ್ನ. ಜನ ಸದ್ದನ್ನೇ ಹೇಳೋದು, ಅದರಲ್ಲಿ ಅರ್ಥವೂ ಇದೆ. ಗಾಜು ಪೂರ್ತಿ ಏರಿಸಿದರೆ ಸುಮ್ಮನಾಗಿ, ಅರ್ಧ ಇಳಿಸಿದಾಗ ಲಟಲಟ ಅಂದರೆ ಹೆಚ್ಚಾಗಿ ಚಾನಲ್ ಸವೆದಿರುತ್ತದೆ ಇಲ್ಲವೇ ರಬ್ಬರ್ ಗಟ್ಟಿಯಾಗಿರುತ್ತದೆ. ಬಾಗಿಲು ಹಾಕಿದಾಗ ಒಳಗೆಲ್ಲೋ ದಡಕ್ ಅಂದರೆ ಗಾಜಿನ ಬುಡ ಹಿಡಿದಿರುವ ಬೋಲ್ಟೋ ಕ್ಲಿಪ್ಪೋ ಸಡಿಲ. ಎರಡಕ್ಕೂ ಕುಲುಕಾಟ ಅಂತ ಬರೆದರೆ ಯಾವುದನ್ನು ಬಿಚ್ಚಬೇಕು ಅವನು?

ಚಾನಲ್ಲನ್ನು ಚಾನಲ್ ಅಂತಲೇ ಬಿಡಿ. ಜೆ.ಸಿ. ರಸ್ತೆಯ ಸ್ಪೇರ್ಸ್ ಅಂಗಡಿಯಲ್ಲಿ ಗಾಜುದೋಣಿ ಕೇಳಿ ನೋಡಿ, ಅಕ್ವೇರಿಯಂ ಅಂಗಡಿಗೆ ದಾರಿ ತೋರಿಸುತ್ತಾರೆ. ಅಂದಹಾಗೆ ಹಾಳೆಯಲ್ಲಿ ಲೂಬ್ರಿಕಂಟ್ ಅಂತ ಇದ್ದರೆ ಸುಮ್ನೆ 'ಎಣ್ಣೆ' ಅಂತ ಬರೆಯಬೇಡಿ. 'ಸಿಲಿಕೋನ್ ಸ್ಪ್ರೇ' ಅಂತಲೇ ಇರಲಿ. ಇಂಜಿನ್ ಆಯಿಲ್, ಗ್ರೀಸು ತಾಗಿದರೆ ಆ ರಬ್ಬರ್ ಉಬ್ಬಿ ಹಾಳಾಗುತ್ತದೆ.

ಮರು:
ಅಂಗಡಿಯವನು ಅಂದದ್ದೆಲ್ಲ ಕನ್ನಡ ಅನ್ನೋದಾದರೆ ಇಲ್ಲಿ ಕೇಳೋದೇಕೆ, ಅಂಗಡಿಯಲ್ಲೇ ಕೇಳಲಿ.

ಮರು:
ಕೇಳಲಿ, ಅದೇ ಒಳ್ಳೇದು. ಆದರೆ ಕಿಟಕಿಯನ್ನು ಓಡಿಸಿದವರು 'ಗಾಜ'ನ್ನು ಯಾಕೆ ಉಳಿಸಿಕೊಂಡಿರಿ? 'ಕಾಚ'ದ ತದ್ಭವ ಅಲ್ವಾ ಅದು? ನಿಮ್ಮ ದೋಣಿಯೂ 'ದ್ರೋಣಿ'ಯಿಂದ.

ಮರು:
ದೋಣಿ ನಮ್ಮದೇ. ತಮಿಳಿನ 'ತೋಣಿ' ನೋಡಿ, ಆಮೇಲೆ ಮಾತಾಡಿ.

ಮರು:
ಪ್ರಶ್ನೆ ಕೇಳಿದವನು ನಾನು, ಇಬ್ಬರಿಗೂ ಥ್ಯಾಂಕ್ಸ್. 'ಗಾಜು ಲಟಲಟ ಅನ್ನುತ್ತಿದ್ದರೆ ಗ್ಲಾಸ್ ಚಾನಲ್ ಸವೆದಿದೆಯೇ ನೋಡಿ' ಅಂತ ಹಾಕುತ್ತಿದ್ದೇನೆ. ದಡಕ್ಕಿಗೆ ಬೇರೆ ಸಾಲು. ತೋಣಿ ಚರ್ಚೆಗೆ ದಯವಿಟ್ಟು ಬೇರೆ ಎಳೆ ಶುರುಮಾಡಿ, ನನಗಿನ್ನೂ ಪವರ್ ವಿಂಡೋ ಸ್ವಿಚ್ಚಿನ ಪುಟ ಬಾಕಿ ಇದೆ.