ಶರ್ಲಿ ಟೆಂಪಲ್ ದುಡಿದ ದುಡ್ಡೆಲ್ಲ ಎಲ್ಲಿ ಹೋಯಿತು?

ಗುಬ್ಬಚ್ಚಿ_ಅಮ್ಮ:
ನನ್ನ ಮಗಳಿಗೆ ಆರು ವರ್ಷ. ಅವಳ ಡ್ಯಾನ್ಸ್ ಮೇಡಂ ಹೋದ ವಾರ ಕರೆದು, ಒಂದು ಧಾರಾವಾಹಿಗೆ ಮಗು ಹುಡುಕುತ್ತಿದ್ದಾರೆ, ಫೋಟೋ ಕಳಿಸಿ ಎಂದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಎರಡು ಪಾರ್ಟಿ. ಅತ್ತೆ ಆಗಲೇ ನೆಂಟರಿಗೆಲ್ಲ ಫೋನ್ ಮಾಡಿ ಆಗಿದೆ, ಯಜಮಾನರು ಬೇಡವೇ ಬೇಡ ಅನ್ನುತ್ತಾರೆ. ನಾನು ಮಧ್ಯೆ ಸಿಕ್ಕಿಕೊಂಡಿದ್ದೇನೆ. ಹಾಗೇ ಯೂಟ್ಯೂಬ್ ನೋಡುತ್ತಿದ್ದಾಗ ಶರ್ಲಿ ಟೆಂಪಲ್ ಎಂಬ ಗುಂಗುರು ಕೂದಲಿನ ಹುಡುಗಿ ಕುಣಿಯೋ ಹಳೇ ಕಪ್ಪು ಬಿಳುಪು ವಿಡಿಯೋ ಬಂತು. ನನ್ನ ಮಗಳಂತೂ ಅದನ್ನು ಹತ್ತು ಸಲ ಹಾಕಿಸಿಕೊಂಡಳು. ಈ ಹುಡುಗಿ ಆಮೇಲೆ ಏನಾದಳು? ಅಷ್ಟು ದೊಡ್ಡ ಸ್ಟಾರ್ ಆಗಿದ್ದರೆ ದುಡ್ಡಾದರೂ ಉಳಿಯಿತಾ? ಗೊತ್ತಿದ್ದವರು ಹೇಳಿ.

ಹಳೇ_ರೀಲು:
ಕೇಳಬಾರದವನನ್ನು ಕೇಳಿದಿರಿ, ಈಗ ಉದ್ದಕ್ಕೆ ಓದಬೇಕು 😀

ಹುಟ್ಟಿದ್ದು 1928, ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ. ಅಪ್ಪ ಬ್ಯಾಂಕಿನಲ್ಲಿ ಕೆಲಸ (ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತೆ). ಅಮ್ಮನಿಗೆ ಮಗಳನ್ನು ಕುಣಿಸುವ ಆಸೆ, ಮೂರು ವರ್ಷಕ್ಕೇ ಡ್ಯಾನ್ಸ್ ಶಾಲೆಗೆ ಸೇರಿಸಿದರು. ಸಿನಿಮಾದವರು ಅಲ್ಲಿಂದಲೇ ಎತ್ತಿಕೊಂಡು ಹೋಗಿದ್ದು. ಮೊದಲು ಮಾಡಿದ್ದು ಪುಟಾಣಿಗಳಿಗೆ ದೊಡ್ಡವರ ವೇಷ ಹಾಕಿಸಿ ತೆಗೆಯುತ್ತಿದ್ದ ಕಿರುಚಿತ್ರಗಳು. ಅಲ್ಲಿ ಹಟ ಮಾಡಿದ ಮಕ್ಕಳನ್ನು ಒಂದು ಕತ್ತಲೆ ಪೆಟ್ಟಿಗೆಯಂಥ ಕೋಣೆಗೆ ಕೂಡಿ ಹಾಕುತ್ತಿದ್ದರು, ಒಳಗೆ ಕೂರಲು ಇದ್ದದ್ದು ಐಸ್ ಗಡ್ಡೆ! ನಾನು ಕಟ್ಟಿದ ಕಥೆ ಅಲ್ಲ, ಆಕೆಯೇ 1988ರಲ್ಲಿ ಬಂದ ಆತ್ಮಕಥೆಯಲ್ಲಿ ಬರೆದಿದ್ದಾರೆ.

1934ರ ಹೊತ್ತಿಗೆ ಫಾಕ್ಸ್ ಎಂಬ ಸಿನಿಮಾ ಕಂಪನಿ ವಾರಕ್ಕೆ 150 ಡಾಲರ್ ಸಂಬಳಕ್ಕೆ ಸೇರಿಸಿಕೊಂಡಿತು. ಮರುವರ್ಷ, ಇನ್ನೂ ಆರು ವರ್ಷದವಳಿರುವಾಗಲೇ, ಪುಟಾಣಿ ಸೈಜಿನ ಆಸ್ಕರ್. 1935ರಿಂದ 38ರವರೆಗೆ ನಾಲ್ಕು ವರ್ಷ ಅಮೆರಿಕದಲ್ಲಿ ಗಲ್ಲಾಪೆಟ್ಟಿಗೆಯ ನಂಬರ್ ಒನ್ ತಾರೆ ಈ ಮಗು. ಕ್ಲಾರ್ಕ್ ಗೇಬಲ್‌ನಂಥ ದೊಡ್ಡ ಹೀರೋಗಳೆಲ್ಲ ಇವಳ ಹಿಂದೆ. ಜನಕ್ಕೆ ಕೆಲಸ ಇಲ್ಲ, ಕೈಯಲ್ಲಿ ಕಾಸಿಲ್ಲ, ಅಂಥ ಕಾಲ ಅದು. ಅಳುವವರ ಮುಂದೆ ನಗುವ ಮಗು ತಂದು ನಿಲ್ಲಿಸಿದರು, ಓಡದೆ ಇರುತ್ತಾ? ಗೊಂಬೆ, ಫ್ರಾಕು, ಎಲ್ಲದಕ್ಕೂ ಇವಳದೇ ಹೆಸರು. ತಲೆಯಲ್ಲಿ ಸರಿಯಾಗಿ 56 ಗುಂಗುರು, ಅಮ್ಮ ದಿನಾ ರಾತ್ರಿ ಪಿನ್ನು ಹಾಕಿ ಸುತ್ತಿ ಮಲಗಿಸುತ್ತಿದ್ದರಂತೆ. ಸ್ಟುಡಿಯೋದವರು ವಯಸ್ಸಿನಲ್ಲೂ ಒಂದು ವರ್ಷ ಕಡಿಮೆ ಬರೆಸಿದ್ದರು. ಪಾಪ, ಹನ್ನೆರಡನೇ ಹುಟ್ಟುಹಬ್ಬ ಅಂದುಕೊಂಡಿದ್ದ ದಿನ ಹುಡುಗಿಗೆ ಗೊತ್ತಾಯಿತು, ತನಗೆ ಹದಿಮೂರು ಅಂತ.

ನೀವು ನೋಡಿದ ವಿಡಿಯೋದಲ್ಲಿ ಮೆಟ್ಟಿಲ ಮೇಲೆ ಒಬ್ಬ ಕರಿಯ ಹಿರಿಯರ ಜೊತೆ ಕುಣಿಯುತ್ತಾಳಾ? ಅವರು ಟ್ಯಾಪ್ ಡ್ಯಾನ್ಸರ್ ಬಿಲ್ ರಾಬಿನ್‌ಸನ್, 1935ರ ಚಿತ್ರ. ಕರಿಯ ಗಂಡಸು, ಬಿಳಿಯ ಹುಡುಗಿ ಜೋಡಿಯಾಗಿ ಕುಣಿದದ್ದು ಹಾಲಿವುಡ್‌ನಲ್ಲಿ ಅದೇ ಮೊದಲು ಅನ್ನುತ್ತಾರೆ. ಅಮೆರಿಕದ ದಕ್ಷಿಣದ ಊರುಗಳಲ್ಲಿ ಅವರಿಬ್ಬರೂ ಕೈ ಹಿಡಿಯುವ ತುಣುಕನ್ನು ಕತ್ತರಿಸಿ ತೋರಿಸಿದರು. ಆರು ವರ್ಷದ ಮಗುವಿನ ಕೈ ಹಿಡಿದದ್ದಕ್ಕೆ!

1940ರ ಹೊತ್ತಿಗೆ ಒಂದು ದೊಡ್ಡ ಚಿತ್ರ ಮಕಾಡೆ ಮಲಗಿತು. ಅಪ್ಪ ಅಮ್ಮ ಕರಾರು ಮುಗಿಸಿ ಶಾಲೆಗೆ ಸೇರಿಸಿದರು. ಆಮೇಲೂ ನಟಿಸಿದಳು, ಆದರೆ ಜನಕ್ಕೆ ಬೇಕಾಗಿದ್ದು ಆ ಪುಟ್ಟ ಹುಡುಗಿಯೇ. 17ಕ್ಕೆ ಮದುವೆ, ಒಂದು ಹೆಣ್ಣು ಮಗು, ಡೈವೋರ್ಸ್. 1950ರಲ್ಲಿ ಇನ್ನೊಂದು ಮದುವೆ, ಅದು ಗಟ್ಟಿಯಾಗಿ ನಿಂತಿತು. 22ಕ್ಕೆ ಸಿನಿಮಾಕ್ಕೆ ಕೈ ಮುಗಿದರು.

ಲೆಕ್ಕದ_ಸುಬ್ಬ:
ದುಡ್ಡಿನ ವಿಷಯ ನಾನು ಹೇಳುತ್ತೇನೆ, ಹಳೇ ರೀಲು ಮರೆತೇಬಿಟ್ಟರು. ಒಟ್ಟು ದುಡಿದದ್ದು ಸುಮಾರು 32 ಲಕ್ಷ ಡಾಲರ್. 22ನೇ ವಯಸ್ಸಿನಲ್ಲಿ ಲೆಕ್ಕ ಕೇಳಿದಾಗ ಉಳಿದಿದ್ದದ್ದು 44 ಸಾವಿರ. ನೂರಕ್ಕೆ ಒಂದೂವರೆ ರೂಪಾಯಿಯೂ ಇಲ್ಲ. ಬ್ಯಾಂಕಿನ ಅಪ್ಪನೇ ಲೆಕ್ಕ ನೋಡುತ್ತಿದ್ದದ್ದು. ಮನೆ ಖರ್ಚು, ಆಳುಕಾಳು, ನೆಂಟರು, ಅಪ್ಪನ ತಪ್ಪು ಹೂಡಿಕೆ, ಎಲ್ಲ ಸೇರಿ ತಿಂದು ಹಾಕಿತು. ಇಷ್ಟಾದರೂ ಆಕೆ ಅಪ್ಪನ ಮೇಲೆ ಕೇಸು ಹಾಕಲಿಲ್ಲ, ಜಗಳವನ್ನೂ ಆಡಲಿಲ್ಲ. ನನಗೆ ಇದು ದೊಡ್ಡತನವೋ ಪೆದ್ದುತನವೋ ಇವತ್ತಿಗೂ ಅರ್ಥ ಆಗಿಲ್ಲ.

ಇವಳಿಗಿಂತ ಮೊದಲು ಜಾಕಿ ಕೂಗನ್ ಅಂತ ಒಬ್ಬ ಹುಡುಗ ಇದ್ದ, ಚಾರ್ಲಿ ಚಾಪ್ಲಿನ್ ಜೊತೆ ನಟಿಸಿದವನು. ಅವನು ತಾಯಿ ಮತ್ತು ಮಲತಂದೆಯ ಮೇಲೆ 1938ರಲ್ಲಿ ಕೋರ್ಟಿಗೆ ಹೋದ. ಅದರಿಂದಲೇ ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳ ಗಳಿಕೆ ಕಾಪಾಡಲು ಕಾನೂನು ಬಂತು.

ಗುಬ್ಬಚ್ಚಿ ಅಮ್ಮ, ನಮ್ಮಲ್ಲೂ ನಿಯಮ ಇದೆ, 2017ರಿಂದ. ಮಗುವಿಗೆ ಬರುವ ಹಣದಲ್ಲಿ ಕನಿಷ್ಠ 20 ಪರ್ಸೆಂಟ್ ಸೀದಾ ಮಗುವಿನ ಹೆಸರಲ್ಲೇ ಸರ್ಕಾರಿ ಬ್ಯಾಂಕಿನಲ್ಲಿ ಎಫ್‌ಡಿ ಆಗಬೇಕು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಇಲ್ಲ, ಮೂರು ಗಂಟೆ ಆದ ಮೇಲೆ ಬಿಡುವು ಕೊಡಲೇಬೇಕು. ಒಟ್ಟಿಗೆ 27 ದಿನಕ್ಕಿಂತ ಜಾಸ್ತಿ ಶೂಟಿಂಗ್ ಮಾಡಿಸುವ ಹಾಗಿಲ್ಲ. ಜಿಲ್ಲಾಧಿಕಾರಿ ಅನುಮತಿಯನ್ನು ನಿರ್ಮಾಪಕರೇ ತರಬೇಕು. ಫೋಟೋ ಕಳಿಸುವ ಮೊದಲು ಇದನ್ನು ಕೇಳಿ. ಮುಖ ಸಿಂಡರಿಸಿದರೆ ಅಲ್ಲಿಗೇ ಬಿಡಿ. ಉಳಿದ 80 ಪರ್ಸೆಂಟ್ ನಿಮ್ಮ ಆತ್ಮಸಾಕ್ಷಿಗೆ ಬಿಟ್ಟದ್ದು, ಕಾನೂನು ಅಲ್ಲಿ ಸುಮ್ಮನಿದೆ.

ಮಲೆನಾಡ_ಮಳೆ:
ಶರ್ಲಿ ಚೆನ್ನಾಗಿಯೇ ಬದುಕಿದರು ಅಂತ ತೋರಿಸಿ ಎಲ್ಲರೂ ಮಕ್ಕಳನ್ನು ಕಳಿಸುತ್ತಾರೆ, ಅದಕ್ಕೇ ನನಗೆ ಸಿಟ್ಟು. ಆಕೆ ಲಕ್ಷಕ್ಕೊಬ್ಬರು. 1967ರಲ್ಲಿ ಚುನಾವಣೆಗೆ ನಿಂತು ಸೋತರು, ಸೋತು ಮನೆಯಲ್ಲಿ ಕೂರಲಿಲ್ಲ. 1968ರ ಆಗಸ್ಟಿನಲ್ಲಿ ಒಂದು ಆರೋಗ್ಯ ಸಂಸ್ಥೆಯ ಪರವಾಗಿ ಜೆಕೊಸ್ಲೊವಾಕಿಯಾದ ರಾಜಧಾನಿ ಪ್ರಾಗ್‌ಗೆ ಹೋಗಿದ್ದಾಗ ಸೋವಿಯತ್ ಟ್ಯಾಂಕುಗಳು ನುಗ್ಗಿದವು, ಹೋಟೆಲಿನಿಂದಲೇ ಅದನ್ನೆಲ್ಲ ನೋಡಿದರು. 21 ವರ್ಷ ಆದ ಮೇಲೆ ಅದೇ ಊರಿಗೆ ಅಮೆರಿಕದ ರಾಯಭಾರಿಯಾಗಿ ಹೋದರು, ಕೆಲವೇ ತಿಂಗಳಲ್ಲಿ ಅಲ್ಲಿನ ಕಮ್ಯುನಿಸ್ಟ್ ಸರ್ಕಾರ ಉರುಳಿತು. ಅದಕ್ಕೂ ಮೊದಲು ಘಾನಾದಲ್ಲಿ ರಾಯಭಾರಿ. 1972ರಲ್ಲಿ ಸ್ತನ ಕ್ಯಾನ್ಸರ್ ಆದಾಗ, ಆ ಹೆಸರನ್ನೇ ಯಾರೂ ಬಾಯಿ ಬಿಟ್ಟು ಹೇಳದ ಕಾಲದಲ್ಲಿ, ಪತ್ರಿಕೆಯವರನ್ನು ಕರೆದು ಹೇಳಿದರು. ಇದೆಲ್ಲ ಆಕೆಯ ಗುಂಡಿಗೆ. ಕುಣಿಸಿದವರ ಪುಣ್ಯ ಏನೂ ಅಲ್ಲ.

ಇನ್ನೊಂದು. ಆಕೆಗೆ ಸಾಂಟಾ ತಾತನ ಮೇಲೆ ನಂಬಿಕೆ ಹೋದದ್ದು ಹೇಗೆ ಗೊತ್ತಾ? ಆರು ವರ್ಷದಲ್ಲಿ ಅಮ್ಮ ಅಂಗಡಿಗೆ ಕರೆದುಕೊಂಡು ಹೋದರೆ, ಅಲ್ಲಿದ್ದ ಸಾಂಟಾನೇ ಆಟೋಗ್ರಾಫ್ ಕೇಳಿದನಂತೆ. ಎಲ್ಲರೂ ನಗುತ್ತಾರೆ, ನನಗೆ ನಗು ಬರಲ್ಲ.

ಹಳೇ_ರೀಲು:
@ಮಲೆನಾಡ_ಮಳೆ ಒಪ್ಪಿದೆ. ಆದರೆ ನಮ್ಮವರನ್ನೂ ನೋಡಿ. ಶ್ರೀದೇವಿ 1974ರ ‘ಭಕ್ತ ಕುಂಬಾರ’ದಲ್ಲಿ ಬಾಲನಟಿ, ಎರಡೇ ವರ್ಷಕ್ಕೆ ತಮಿಳಿನಲ್ಲಿ ಹೀರೋಯಿನ್. ಹುಟ್ಟಿದ್ದು 1963, ಲೆಕ್ಕ ಹಾಕಿ! ಮಧ್ಯೆ ಹುಡುಗಿಯಾಗಿರಲು ಟೈಮೇ ಸಿಗಲಿಲ್ಲ. ಅದೇ ನಮ್ಮ ಅಪ್ಪು, ಬಾಲನಟನಾಗಿ ರಾಷ್ಟ್ರಪ್ರಶಸ್ತಿ ತಗೊಂಡವರು, 1989ರ ನಂತರ ತೆರೆಯಿಂದ ದೂರ ಇದ್ದು 2002ರಲ್ಲಿ ಹೀರೋ ಆಗಿ ಬಂದರು. ಗಂಡು ಮಕ್ಕಳಿಗೆ ಕಾಯುತ್ತಾರೆ, ಹೆಣ್ಣು ಮಕ್ಕಳಿಗೆ ಕಾಯಲ್ಲ ಅನ್ನಿಸುತ್ತೆ ನನಗೆ. ಅಪ್ಪುಗೆ ಬೆನ್ನ ಹಿಂದೆ ಅಣ್ಣಾವ್ರು ಇದ್ದರು ಅನ್ನುವುದೂ ನಿಜ.

ಗುಬ್ಬಚ್ಚಿ_ಅಮ್ಮ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸುಬ್ಬ ಅವರೇ, ನೀವು ಹೇಳಿದ ಹಾಗೆ ಫೋನ್ ಮಾಡಿ ಎಫ್‌ಡಿ, ಐದು ಗಂಟೆ, ಅನುಮತಿ ಪತ್ರ ಮೂರನ್ನೂ ಕೇಳಿದೆ. ಆ ಕಡೆಯವರು ‘ಮೇಡಂ, ಮೊದಲು ಫೋಟೋ ಕಳಿಸಿ, ಅದೆಲ್ಲ ಆಮೇಲೆ ಮಾತಾಡೋಣ’ ಅಂದರು. ಕಳಿಸಿಲ್ಲ. ಅತ್ತೆ ಎರಡು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಮಗಳು ಮಾತ್ರ ನಮ್ಮ ಮನೆ ಮೆಟ್ಟಿಲ ಮೇಲೆ ಟಪ್ ಟಪ್ ಅಂತ ಕುಣಿಯುತ್ತಾ ಇದ್ದಾಳೆ, ಕೆಳಗಿನ ಮನೆಯವರು ಇನ್ನೂ ಏನೂ ಅಂದಿಲ್ಲ.

ಲೆಕ್ಕದ_ಸುಬ್ಬ:
ಅತ್ತೆಯವರನ್ನು ಹೋಟೆಲಿಗೆ ಕರೆದುಕೊಂಡು ಹೋಗಿ ಶರ್ಲಿ ಟೆಂಪಲ್ ಅಂತಲೇ ಹೆಸರಿರುವ ಜ್ಯೂಸ್ ಕುಡಿಸಿ, ಮದ್ಯ ಇರಲ್ಲ, ಮೇಲೆ ಚೆರ್ರಿ ಇಟ್ಟು ಕೊಡುತ್ತಾರೆ. ಬರೀ ಸಿಹಿ. ಶರ್ಲಿಗೇ ಅದು ಇಷ್ಟ ಇರಲಿಲ್ಲವಂತೆ.