ಮಳೆಗಾಲ ಕಳೆಯಿತು, ಹುಲ್ಲಿನ ಮಷಿನ್ ಸ್ಟಾರ್ಟ್ ಆಗುತ್ತಿಲ್ಲ

ತೀರ್ಥಹಳ್ಳಿ ಕಡೆಯಿಂದ ಕೇಳಿದ್ದು:
ನಮ್ಮದು ಟೂ ಸ್ಟ್ರೋಕ್ ಬ್ರಷ್ ಕಟರ್. ಮೇ ತಿಂಗಳಲ್ಲಿ ತೋಟ ಸವರಿ ಕೊಟ್ಟಿಗೆ ಅಟ್ಟದಲ್ಲಿ ಇಟ್ಟಿದ್ದೆ. ಈಗ ಹಗ್ಗ ಎಳೆದೂ ಎಳೆದೂ ರಟ್ಟೆ ಸೋತಿತು. ಒಂದೆರಡು ಸಲ ಪುಟ್ ಅಂದು ಸುಮ್ಮನಾಗುತ್ತದೆ. ಅಡಿಕೆ ಕೊನೆ ಕೊಯ್ಲು ಹತ್ತಿರ ಬಂತು, ಈ ಹುಲ್ಲಿನಲ್ಲಿ ಉದುರಡಿಕೆ ಕಾಣುವುದೇ ಇಲ್ಲ. ಪೆಟ್ರೋಲ್-ಗಾಳಿ ಬೆರೆಸುವ ಕಾರ್ಬೊರೇಟರ್ ಬದಲಿಸಬೇಕು ಅನ್ನುತ್ತಾರೆ. ಹೌದಾ?

ಹೊಸನಗರದಿಂದ:
ಅಣ್ಣ, ಅವಸರ ಮಾಡಬೇಡಿ. ಟ್ಯಾಂಕಿನಲ್ಲಿರುವುದು ಮೇ ತಿಂಗಳ ಪೆಟ್ರೋಲೇ ಅಲ್ವಾ? ಮೊದಲು ಅದನ್ನು ಗಾಜಿನ ಬಾಟಲಿಗೆ ಬಗ್ಗಿಸಿ ನೋಡಿ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೂ ಎಥನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರುತ್ತದೆ, ನಮ್ಮ ಮಳೆಗಾಲದ ಥಂಡಿಯಲ್ಲಿ ಕೇಳಬೇಕೇ. ನೀರು ಜಾಸ್ತಿಯಾದರೆ ಎಥನಾಲ್, ನೀರು ಎರಡೂ ಸೇರಿ ತಳಕ್ಕೆ ಇಳಿಯುತ್ತವೆ. ಮಷಿನ್ ಎಳೆದುಕೊಳ್ಳುವುದು ತಳದಿಂದಲೇ. ಹೋದ ವರ್ಷ ನನ್ನ ಬಾಟಲಿಯಲ್ಲಿ ಎರಡು ಪದರ ಸ್ಪಷ್ಟವಾಗಿ ಕಂಡಿತ್ತು.

ಹೊಸ ಪೆಟ್ರೋಲ್ ಹಾಕುವಾಗ ಅದಕ್ಕೆ ಬೆರೆಸುವ ಆಯಿಲ್ ಅಳತೆ ಮಷಿನ್ನಿನ ಪುಸ್ತಕದಲ್ಲಿ ನೋಡಿ. 50ಕ್ಕೆ 1 ಅಂದರೆ ಲೀಟರಿಗೆ 20 ಮಿ.ಲೀ., 25ಕ್ಕೆ 1 ಅಂದರೆ 40 ಮಿ.ಲೀ. ಅಂದಾಜಿನಲ್ಲಿ ಸುರಿಯಬೇಡಿ.

ಆಗಲೂ ಹೊತ್ತಿಕೊಳ್ಳದಿದ್ದರೆ ಹತ್ತು ಸಲ ಎಳೆದು, ಕಿಡಿ ಕೊಡುವ ಪ್ಲಗ್ ಬಿಚ್ಚಿ ನೋಡಿ. ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಇದೇ. ಪ್ಲಗ್ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಟ್ಯಾಂಕಿನೊಳಗಿನ ಫಿಲ್ಟರ್, ಪೈಪಿನ ಬಿರುಕು ನೋಡಿ. ಪ್ಲಗ್ ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇಲ್ಲ ಅಥವಾ ಪೆಟ್ರೋಲ್ ಜಾಸ್ತಿಯಾಗಿದೆ. ಪ್ಲಗ್ ಒರೆಸಿ, ಚೋಕ್ (ಗಾಳಿ ತಡೆಯುವ ಲಿವರ್) ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ, ಪ್ಲಗ್ ಇಲ್ಲದೆಯೇ ಐದಾರು ಸಲ ಎಳೆಯಿರಿ. ಒಳಗಿನದು ಹೊರಗೆ ಹೋಗುತ್ತದೆ. ಆಗ ಬೀಡಿ, ಬೆಂಕಿ ಹತ್ತಿರ ಬರಬಾರದು, ದಯವಿಟ್ಟು.

ಕೊಪ್ಪದಿಂದ:
ಚೋಕ್ ವಿಷಯದಲ್ಲೇ ತುಂಬಾ ಜನ ತಪ್ಪುತ್ತಾರೆ. ಪುಟ್ ಅಂದ ಕೂಡಲೇ ಚೋಕ್ ತೆಗೆಯಬೇಕು. ಹಾಗೇ ಬಿಟ್ಟು ಎಳೆದರೆ ಪ್ಲಗ್ ಒದ್ದೆಯಾಗುತ್ತದೆ. ನಮ್ಮ ಮನೆಗೆ ಬರುವ ಕೆಲಸದವರಿಗೆ ಇದನ್ನು ತೋರಿಸಿಕೊಟ್ಟ ಮೇಲೆ ಮಷಿನ್ ರಿಪೇರಿಗೆ ಹೋಗಿಲ್ಲ. ಏರ್ ಫಿಲ್ಟರಿನ ಸ್ಪಂಜನ್ನೂ ಸೋಪಿನ ನೀರಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ ಹಾಕಿ.

ಸಾಗರದಿಂದ:
ಸೈಲೆನ್ಸರ್ ಬಾಯಿ ನೋಡಿದ್ರಾ? ನಮ್ಮದರಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಹೊಗೆ ಹೋಗಲು ದಾರಿ ಇಲ್ಲದಿದ್ದರೆ ಇಂಜಿನ್ ಏನು ಮಾಡೀತು? ಕಡ್ಡಿಯಿಂದ ಕೆರೆದು ತೆಗೆದೆ, ಮೂರನೇ ಎಳೆತಕ್ಕೆ ಹೊತ್ತಿಕೊಂಡಿತು. ಅಟ್ಟದಲ್ಲಿಟ್ಟ ಮಷಿನ್ ಅಂದರೆ ಇಲಿಯೂ ಪ್ಲಗ್ಗಿನ ವಯರ್ ಕಡಿದಿರಬಹುದು, ಅದನ್ನೂ ನೋಡಿ.

ಮತ್ತೆ ತೀರ್ಥಹಳ್ಳಿಯಿಂದ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಾಟಲಿಯಲ್ಲಿ ಪದರ ಕಾಣಲಿಲ್ಲ, ಆದರೆ ಹುಳಿ ವಾಸನೆ ಇತ್ತು. ಹೊಸದು ಹಾಕಿದರೂ ಪ್ಲಗ್ ಒಣಗಿಯೇ ಇತ್ತು. ಟ್ಯಾಂಕಿನ ಫಿಲ್ಟರ್ ಕೊಕ್ಕೆಯಲ್ಲಿ ಎಳೆದರೆ ಕಪ್ಪಗೆ ಅಂಟು ಹಿಡಿದಿತ್ತು. ಪೇಟೆಯಿಂದ ಬೇರೆ ತಂದು ಹಾಕಿದೆ. ಪೆಟ್ರೋಲ್ ಎಳೆದುಕೊಳ್ಳುವ ರಬ್ಬರ್ ಬುರುಡೆ ಎಂಟು ಸಲ ಒತ್ತಿ, ಚೋಕ್ ಹಾಕಿ ಎಳೆದೆ, ಪುಟ್ ಅಂದಿತು. ಚೋಕ್ ತೆಗೆದೆ. ನಾಲ್ಕನೇ ಎಳೆತಕ್ಕೆ ಸ್ಟಾರ್ಟ್! ಕಾರ್ಬೊರೇಟರ್ ಮುಟ್ಟಲಿಲ್ಲ. ಇವತ್ತು ಮಧ್ಯಾಹ್ನದೊಳಗೆ ಕೆಳಗಿನ ತೋಟ ಅರ್ಧ ಸವರಿದೆ.

ಹೊಸನಗರದಿಂದ:
ಖುಷಿಯಾಯಿತು. ಮುಂದಿನ ಮಳೆಗಾಲಕ್ಕೆ ಇಡುವ ಮೊದಲು ಟ್ಯಾಂಕ್ ಖಾಲಿ ಮಾಡಿ, ಉಳಿದದ್ದು ತಾನಾಗಿ ಮುಗಿದು ನಿಲ್ಲುವವರೆಗೂ ಓಡಿಸಿ ಇಡಿ.